ತಾಯಿತದೊಳಗಿನ ಹೆಪ್ಪು

ನೀಲಾಂಬಿಕಾ ಸುಮ್ಮನೆ ಕೂತಿದ್ದನ್ನು ನೋಡಿದವರು ಕಡಿಮೆ. ಪಾಠ ಹೇಳುವಾಗ ಬೋರ್ಡಿನ ಈ ತುದಿಯಿಂದ ಆ ತುದಿಗೆ ನಡೆದಾಡಿ ವಿದ್ಯಾರ್ಥಿಗಳ ಕತ್ತು ನೋಯಿಸುತ್ತಾಳೆ. ಚಹಾ ಕುಡಿಯುವುದು ನಿಂತುಕೊಂಡೇ. ಬಸ್ಸಿನಲ್ಲಿ ಸೀಟು ಸಿಕ್ಕಿತೆನ್ನಿ, ಆಗಲೂ ಅವಳ ಬಲಗಾಲು ಕುಣಿಯುತ್ತಿರುತ್ತದೆ. ಪಕ್ಕದವರು ಸಿಟ್ಟಿಗೆದ್ದು ಜರುಗಿ ಕೂರುತ್ತಾರೆ. ಇಂಥವಳ ಪಾಲಿಗೆ ಬಂದ ಕೆಲಸ ಯಾವುದು ನೋಡಿ: ಗಾಜಿನ ಫ್ಲಾಸ್ಕಿನ ಮುಂದೆ ಕೂತು ಹರಳು ಕಟ್ಟುವುದನ್ನು ಕಾಯುವುದು.

ಅವಳು ಹಾನಗಲ್ಲಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ವಿಷಯ ಸಾವಯವ ರಸಾಯನಶಾಸ್ತ್ರ. ಹಾಗೆಂದರೆ ಊರಿನವರು ಎರೆಹುಳು ಗೊಬ್ಬರದ ಬಗ್ಗೆ ಕೇಳುತ್ತಾರೆ, ಅವಳು ಹಲ್ಲು ಕಚ್ಚಿಕೊಂಡು ನಗುತ್ತಾಳೆ. ನೌಕರಿಯ ಜೊತೆಜೊತೆಗೆ ಧಾರವಾಡದ ಗೈಡ್ ಒಬ್ಬರ ಕೈಕೆಳಗೆ ಪಿಎಚ್‌ಡಿಗೆ ಹೆಸರು ಹಚ್ಚಿ ಎಂಟು ವರ್ಷವಾಗಿತ್ತು. ಕೂಮರಿನ್ ಎಂಬ ಅಣುವಿಗೆ ಉಂಗುರದಂಥ ಇನ್ನೊಂದು ತುಣುಕನ್ನು ಜೋಡಿಸಿ ಹೊಸ ಅಣು ಕಟ್ಟುವುದು, ಕಟ್ಟಿದ್ದನ್ನು ರೋಗಾಣು ಬೆಳೆಸಿದ ತಟ್ಟೆಯಲ್ಲಿಟ್ಟು ಅವು ಸಾಯುತ್ತವೋ ಇಲ್ಲವೋ ನೋಡುವುದು, ಇಷ್ಟೇ ಅವಳ ಸಂಶೋಧನೆ. ಸತ್ತರೆ ಆ ಅಣುವಿಗೆ ಜೀವಗಳ ಮೇಲೆ ಕೆಲಸ ಮಾಡುವ ಗುಣ ಇದೆ ಎಂದು ಅರ್ಥ. ಇಪ್ಪತ್ತೈದು ಅಣುಗಳನ್ನು ಕಟ್ಟಿದ್ದಾಯಿತು. ಎಲ್ಲದರ ಮೇಲೂ ರೋಗಾಣುಗಳು ಹಾಯಾಗಿ ಸಂಸಾರ ಹೂಡಿದವು. ಇಪ್ಪತ್ತಾರನೆಯದರ ಹತ್ತಿರ ಮಾತ್ರ ಅವು ಸುಳಿಯಲಿಲ್ಲ. ತಟ್ಟೆಯಲ್ಲಿ ಅದರ ಸುತ್ತ ಬಳೆಯಗಲದ ಜಾಗ ಖಾಲಿ ಉಳಿದಿತ್ತು. ಅದನ್ನು ಕಂಡ ದಿನ ನೀಲಾಂಬಿಕಾ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಹತ್ತಾರು ಸಲ ನೋಡಿದಳು, ಆಮೇಲೆ ಬಾಗಿಲು ಹಾಕಿಕೊಂಡು ಅತ್ತಳು.

ಆಗ ಅವಳು ಹಿರೇಕೆರೂರಿನಲ್ಲಿದ್ದಳು. ಅಲ್ಲಿನ ಕಾಲೇಜಿನ ಮೂಲೆಯ ಕೋಣೆಯಲ್ಲಿ ಇಪ್ಪತ್ತಾರು (ಅದಕ್ಕೆ ಬೇರೆ ಹೆಸರೇ ಇಲ್ಲ, ಇರುವ ಹೆಸರನ್ನು ಒಂದೇ ಉಸಿರಿನಲ್ಲಿ ಓದಲಾಗುವುದಿಲ್ಲ) ತೆಳು ಹಳದಿಯ ಸೂಜಿಯಂಥ ಹರಳುಗಳಾಗಿ ಕಟ್ಟಿತ್ತು. ಅಕ್ಕಿಆಲೂರಿನ ಅವಳ ಮನೆಯಲ್ಲಿ ಒಂದು ರೂಢಿ ಇದೆ: ಯಾವುದೇ ಆಗಲಿ, ಮೊದಲಿನದು ಒಳಮನೆಯ ಜಗಲಿಯ ಮೇಲೆ ದೇವರ ಮುಂದೆ. ಹೊಸ ಭತ್ತದ ಮೊದಲ ಹಿಡಿ, ಎಮ್ಮೆ ಈದಾಗಿನ ಮೊದಲ ಗಿಣ್ಣು, ಅಪ್ಪ ಮಾರೆಪ್ಪ ಗೌಂಡಿ ಕೆಲಸಕ್ಕೆ ಸೇರಿದಾಗಿನ ಮೊದಲ ಪಗಾರ, ಎಲ್ಲವೂ ಅಲ್ಲಿ ಒಂದು ರಾತ್ರಿ ಕಳೆದವೇ. ನೀಲಾಂಬಿಕಾಗೆ ದೇವರ ಮೇಲೆ ಅಂಥ ನಂಬಿಕೆಯೇನೂ ಇಲ್ಲ, ಆದರೆ ರೂಢಿ ರಕ್ತದಲ್ಲಿರುತ್ತದಲ್ಲ. ಮೊದಲು ಕಟ್ಟಿದ ಹರಳುಗಳನ್ನು ಇಂಜೆಕ್ಷನ್ನಿನ ಸಣ್ಣ ಸೀಸೆಯಲ್ಲಿ ಹಾಕಿ, ರಬ್ಬರಿನ ಬಿರಡೆ ಒತ್ತಿ, ತಂದು ಅವ್ವನ ಕೈಗಿಟ್ಟಳು. ಅಡಿವೆವ್ವ ಅಕ್ಕಿ ಗಿರಣಿಯಲ್ಲಿ ನುಚ್ಚು ಕೇರಿ ಕೇರಿ ಮಗಳನ್ನು ಓದಿಸಿದವಳು. ಸೀಸೆಯನ್ನು ಕಣ್ಣಿಗೊತ್ತಿಕೊಂಡು ಜಗಲಿಯ ಮೇಲಿಟ್ಟಳು. ಮರುದಿನದಿಂದ ಓಣಿಗೆಲ್ಲ ಒಂದೇ ಸುದ್ದಿ: ನನ್ನ ಮಗಳು ಔಷಧಿ ಕಂಡುಹಿಡದಾಳ. ನೀಲಾಂಬಿಕಾ ಅದನ್ನು ಕೇಳಿಸಿಕೊಂಡಳು, ತಿದ್ದಲಿಲ್ಲ. ಅವ್ವನ ಮುಖ ಅಷ್ಟು ಅರಳಿದ್ದನ್ನು ಅವಳು ಯಾವತ್ತೂ ನೋಡಿರಲಿಲ್ಲ.

ಉಳಿದ ಹರಳುಗಳನ್ನೆಲ್ಲ ಅವಳು ಪರೀಕ್ಷೆಗಳಿಗಾಗಿ ಕರಗಿಸಿಬಿಟ್ಟಳು. ಬೇಕೆಂದಾಗ ಮತ್ತೆ ಮಾಡಿದರಾಯಿತು, ಕೈಯಲ್ಲಿರುವ ವಿದ್ಯೆ ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ. ಆಮೇಲೆ ಹಾನಗಲ್ಲಿಗೆ ಬಂದಳು, ಮತ್ತೆ ಮಾಡಿದಳು. ಅದೇ ಸಾಮಾನು, ಅದೇ ಕ್ರಮ, ಅದೇ ಕೈ. ಫ್ಲಾಸ್ಕಿನಲ್ಲಿ ಬಂದದ್ದು ಮಾತ್ರ ಬೆಲ್ಲದ ಪಾಕದಂಥ ಅಂಟು. ಮಂಜುಗಡ್ಡೆಯಲ್ಲಿಟ್ಟಳು. ಗಾಜಿನ ಕಡ್ಡಿಯಿಂದ ಫ್ಲಾಸ್ಕಿನ ಒಳಮೈ ಕೆರೆದಳು. ಹಾಗೆ ಕೆರೆದರೆ ಹರಳು ಕಟ್ಟಲು ಆಸರೆ ಸಿಗುತ್ತದೆ ಎನ್ನುತ್ತಾರೆ. ಅಂಟು ಕರಗಿಸುವ ಆಲ್ಕೋಹಾಲ್ ಬದಲಿಸಿದಳು, ಇಡುವ ಹೊತ್ತು ಬದಲಿಸಿದಳು, ಬಸಪ್ಪನಿಗೂ ದರ್ಗಾಕ್ಕೂ ಮನಸ್ಸಿನಲ್ಲೇ ಬೇಡಿಕೊಂಡಳು. ಅಂಟು ಅಂಟಾಗಿಯೇ ಇತ್ತು. ಒಮ್ಮೆ ಹರಳು ಬಿದ್ದ ಕೋಣೆಯ ಧೂಳಿನಲ್ಲಿ ಅದರ ಕಣಗಳು ತೇಲುತ್ತಿರುತ್ತವೆ, ಮುಂದಿನ ಸಲಕ್ಕೆ ಅವೇ ಹೆಪ್ಪಾಗುತ್ತವೆ ಎಂದು ಈ ಕಸುಬಿನ ಹಿರಿಯರು ಹೇಳುವುದುಂಟು. ಆ ಆಸೆಗೆ ಬಿದ್ದು ಫ್ಲಾಸ್ಕನ್ನು ಮಡಿಲಲ್ಲಿ ಹಿಡಿದು ಬಸ್ಸಿನಲ್ಲಿ ಹಿರೇಕೆರೂರಿಗೂ ಹೋಗಿಬಂದಳು. ಆ ಕೋಣೆಗೆ ಹೊಸದಾಗಿ ಪೇಂಟ್ ಹೊಡೆದು, ನೆಲಕ್ಕೆ ಟೈಲ್ಸ್ ಹಾಕಿ, ಸ್ಮಾರ್ಟ್ ಕ್ಲಾಸ್ ಮಾಡಿದ್ದರು. ಒಂದು ಕಣ ಧೂಳೂ ಇರಲಿಲ್ಲ. ಸರಕಾರಿ ಕಟ್ಟಡವೊಂದು ಅಷ್ಟು ಸ್ವಚ್ಛವಾಗಿದ್ದಕ್ಕೆ ಕಣ್ಣೀರು ಹಾಕಿದವಳು ಬಹುಶಃ ಅವಳೊಬ್ಬಳೇ.

ಈ ಮಳೆಗಾಲದಲ್ಲಿ ಗೈಡ್ ಫೋನು ಮಾಡಿದರು.

"ನೀಲಾಂಬಿಕಾ, ಪರೀಕ್ಷಕರು ಬಿಡವಲ್ರು. ಆ ಎರಡನೇ ಉಂಗುರ ಎಡಕ್ಕ ಕೂಡೇತೋ ಬಲಕ್ಕೋ ಅಂತ ಕೇಳಾಕತ್ತಾರ. ಎಕ್ಸ್‌ರೇ ಹಾಕಿ ನೋಡಬೇಕಂದ್ರ ಹರಳು ಬೇಕು. ಅಂಟು ತಗೊಂಡು ಏನು ಮಾಡ್ಲಿ?"

"ಮಾಡಾಕತ್ತೇನ್ರಿ ಸರ್."

"ಈ ತಿಂಗಳ ಆಖೇರಿಗೆ ನಿನ್ನ ಮುದತ್ತು ಮುಗೀತೈತಿ. ಇನ್ನ ಮುಂದ ಹಾಕಾಕ ಬರೂದಿಲ್ಲ. ಹರಳು ತಗೊಂಡು ಬಾ, ಇಲ್ಲಂದ್ರ ಇಪ್ಪತ್ತಾರನ್ನ ಬಿಟ್ಟು ಬರೆದು ಕೊಟ್ಟುಬಿಡು."

ಇಪ್ಪತ್ತಾರನ್ನು ಬಿಟ್ಟರೆ ಉಳಿಯುವುದು ಏನು? ಯಾವ ರೋಗಾಣುವಿಗೂ ಏನೂ ಮಾಡದ ಇಪ್ಪತ್ತೈದು ಪುಡಿಗಳು. ಎಂಟು ವರ್ಷ ಪಾತ್ರೆ ತೊಳೆದಳು ಎಂದು ಬರೆದುಕೊಟ್ಟ ಹಾಗೆ. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ; ಅದಕ್ಕೂ ಹಿಂದಿನ ರಾತ್ರಿಗಳಲ್ಲೂ ಹತ್ತಿದ್ದು ಅಷ್ಟಕ್ಕಷ್ಟೇ. ಬೆಳಗಿನ ಜಾವ ಹಲ್ಲುಜ್ಜುತ್ತ ನಿಂತವಳಿಗೆ ಥಟ್ಟನೆ ಜಗಲಿಯ ಮೇಲಿನ ಸೀಸೆ ನೆನಪಾಯಿತು. ಇಷ್ಟು ದಿನ ಯಾಕೆ ನೆನಪಾಗಲಿಲ್ಲ? ಅದನ್ನು ಅವಳು ಸಾಮಾನೆಂದು ಕೊಟ್ಟಿರಲಿಲ್ಲ, ಕಾಣಿಕೆ ಎಂದು ಕೊಟ್ಟಿದ್ದಳು. ಜಗಲಿಗೆ ಕೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯುವ ಅಭ್ಯಾಸ ಆ ಮನೆಯಲ್ಲಿ ಯಾರಿಗೂ ಇಲ್ಲ. ಒಂದೇ ಒಂದು ಕಣ ಸಾಕು, ಅದನ್ನು ಅಂಟಿನೊಳಗೆ ಬಿಟ್ಟರೆ ಉಳಿದದ್ದು ಅದನ್ನೇ ನೋಡಿ ಕಟ್ಟಿಕೊಳ್ಳುತ್ತದೆ. ಬಾಯಿಯ ನೊರೆ ಒರೆಸಿಕೊಂಡು ಅಕ್ಕಿಆಲೂರಿನ ಮೊದಲ ಬಸ್ಸು ಹಿಡಿದಳು. ಭಾನುವಾರ, ಕಾಲೇಜಿನ ಗೊಡವೆ ಇರಲಿಲ್ಲ.

ಜಗಲಿಯ ಮೇಲೆ ವಿಭೂತಿ ಗಟ್ಟಿ ಇತ್ತು, ಅಪ್ಪನ ಫೋಟೋ ಇತ್ತು, ಸೀಸೆ ಇರಲಿಲ್ಲ.

"ಅವ್ವಾ, ಇಲ್ಲಿದ್ದ ಸೀಸೆ ಎಲ್ಲಿ?"

"ಯಾವ ಸೀಸೆ?" ಅಡಿವೆವ್ವ ಒಲೆಯ ಮುಂದಿನಿಂದ ಕೇಳಿದಳು.

"ನಾ ತಂದು ಕೊಟ್ಟಿದ್ದು. ಹಳದಿ ಹರಳು ಇದ್ದಿದ್ದು."

"ಓ, ಅದಾ? ಅದನ್ನ ಶಿಗ್ಗಾಂವಿ ಭರಮಿಗೆ ಕೊಟ್ಟು ಎರಡು ವರ್ಷಾತು. ಆಕಿ ಮೊಣಕಾಲು ಭಾಳ ಬ್ಯಾನಿ ಆಗಿತ್ತಲ್ಲ. ಮಗಳು ಮಾಡಿದ ಔಷಧಿ ಐತಿ, ಹಾಲಾಗ ಒಂದೀಟು ಹಾಕ್ಕೊಂಡು ಕುಡಿ ಅಂದೆ."

ನೀಲಾಂಬಿಕಾ ಒಲೆಯ ಹತ್ತಿರ ಧಾವಿಸಿದಳು. "ಅದು ತಿನ್ನೂದಲ್ಲವ್ವಾ! ಮನುಷ್ಯಾರು ಹಂಗಿರ್ಲಿ, ಇಲಿನೂ ಇನ್ನೂ ತಿಂದಿಲ್ಲ ಅದನ್ನ!"

"ಔಷಧಿನ ಇಲಿ ಯಾಕ ತಿಂತಾವು?"

"ಅದು ಔಷಧಿ ಅಲ್ಲ!"

ಅಡಿವೆವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು. "ಮತ್ತ ಅಷ್ಟು ವರ್ಷ ಏನು ಮಾಡಿದಿ?"

ನೀಲಾಂಬಿಕಾ ಆಗಲೇ ಚೀಲದಿಂದ ಫೋನು ತೆಗೆದಿದ್ದಳು. ಶಿಗ್ಗಾಂವದ ಚಿಕ್ಕವ್ವ ಭರಮವ್ವನಿಗೆ ಫೋನು ಹಚ್ಚಿದಳು. ಚಾರ್ಜು ಉಳಿಯಲಿ ಎಂದು ಫೋನನ್ನು ಬಂದ್ ಮಾಡಿ ಟ್ರಂಕಿನಲ್ಲಿಡುವವಳು ಆಕೆ, ಸಿಗುವುದು ಹೇಗೆ? "ರೊಟ್ಟಿ ತಿಂದು ಹೋಗ" ಎಂದು ಅವ್ವ ಕೂಗುತ್ತಿರುವಂತೆಯೇ ನೀಲಾಂಬಿಕಾ ಹೊರಬಿದ್ದಳು.

ಅಕ್ಕಿಆಲೂರಿನಿಂದ ಹಾನಗಲ್ಲು, ಹಾನಗಲ್ಲಿನಿಂದ ಬಂಕಾಪುರ, ಅಲ್ಲಿಂದ ಶಿಗ್ಗಾಂವ. ಆಧಾರ್ ಕಾರ್ಡು ತೋರಿಸಿ ಟಿಕೆಟ್ ಪಡೆಯುವುದು, ಕೂರುವುದು, ಏಳುವುದು, ಕಿಟಕಿಯಿಂದ ಕತ್ತು ಹೊರಚಾಚಿ ಡ್ರೈವರನನ್ನು ಶಪಿಸುವುದು. ತಲೆಯಲ್ಲಿ ಎರಡು ಯೋಚನೆಗಳು ಒಂದನ್ನೊಂದು ದೂಡುತ್ತಿದ್ದವು. ಮೊದಲನೆಯದು, ಚಿಕ್ಕವ್ವ ಅದನ್ನು ಕುಡಿದಿದ್ದರೆ? ರೋಗಾಣುವನ್ನು ಕೊಂದದ್ದು ಅವಳ ಯಕೃತ್ತನ್ನು ಸುಮ್ಮನೆ ಬಿಟ್ಟೀತೇ? ಎರಡನೆಯದು, ಚಿಕ್ಕವ್ವ ಎಲ್ಲವನ್ನೂ ಕುಡಿದು ಮುಗಿಸಿದ್ದರೆ ನನ್ನ ಗತಿಯೇನು? ನಿಜ ಹೇಳಬೇಕೆಂದರೆ ಎರಡನೆಯದೇ ಮುಂದೆ ಬಂದು ಕೂತಿತ್ತು. ಅವಳಿಗೂ ಅದು ಗೊತ್ತಾಯಿತು, ತನ್ನ ಮೇಲೆ ತನಗೇ ಅಸಹ್ಯವಾಯಿತು, ಆದರೂ ಅದು ಜಾಗ ಬಿಡಲಿಲ್ಲ.

ಭರಮವ್ವ ಕಟ್ಟೆಯ ಮೇಲೆ ಕಾಲು ಚಾಚಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿದ್ದಳು.

"ಚಿಕ್ಕವ್ವಾ, ಅವ್ವ ಕೊಟ್ಟ ಸೀಸೆದಾಗಿಂದು ತಿಂದಿಯೇನು?"

"ಬಾ ಮೊದ್ಲ, ಕುಂದ್ರು. ಮುಖ ಯಾಕ ಹಿಂಗ ಬಾಡೇತಿ? ಉಂಡಿಯಿಲ್ಲ?"

"ತಿಂದಿಯೇನು ಹೇಳು!"

"ಇಲ್ಲವಾ, ಯಾರು ತಿಂತಾರ ಅದನ್ನ? ನೋಡಿದ್ರ ಗಾಜಿನ ಚೂರು ಕಂಡಂಗ ಕಂಡ್ವು. ಗಂಟಲಾಗ ಸಿಕ್ಕೊಂಡ್ರ ಏನ್ ಮಾಡ್ಲಿ? ನಿಮ್ಮವ್ವಗ ಹೇಳಬ್ಯಾಡ ಮತ್ತ. ಕುಡದೆ, ಆರಾಮಾತು ಅಂತ ಹೇಳೇನಿ."

ನೀಲಾಂಬಿಕಾ ಕೈ ಚಾಚಿದಳು. "ಹಂಗಾದ್ರ ಸೀಸೆ ಕೊಡು."

"ಸೀಸೆ ಎಲ್ಲೈತಿ? ಅಕ್ಕ ಅಷ್ಟು ಪ್ರೀತಿಲೆ ಕೊಟ್ಟಿದ್ದು, ಒಗಿಯಾಕ ಮನಸ್ಸು ಬರ್ಲಿಲ್ಲ. ಬಾಜೂ ಮನ್ಯಾಗ ಬಾಡಿಗಿ ಇದ್ದ ಮಾಹೀರಾಗ ಕೊಟ್ಟೆ. ಆಕಿ ಎರಡು ವರ್ಷದ ಕೂಸಿಗೆ ಜ್ವರ ಏರಿದ್ರ ಸಾಕು ಫಿಟ್ಸ್ ಬರ್ತಿದ್ವು, ಪಾಪ. ಕಣ್ಣು ಮ್ಯಾಲ ಮಾಡಿಬಿಡ್ತಿತ್ತು. ಇವತ್ತು ಹೋದೀತು ನಾಳೆ ಹೋದೀತು ಅಂತಿದ್ವಿ."

ಕೂಸು. ನೀಲಾಂಬಿಕಾ ಕಟ್ಟೆಯ ಮೇಲೆ ಕೂತುಬಿಟ್ಟಳು. ಹೀಗೆ ತಾನಾಗಿ ಕೂತದ್ದು ಆ ದಿನ ಅದೇ ಮೊದಲು.

"ಆ ಕೂಸಿಗೆ ತಿನ್ನಿಸಿದ್ಲಾ?"

"ನನಗೇನು ಗೊತ್ತು? ಆಮ್ಯಾಲ ಅವ್ರು ಮನಿ ಬಿಟ್ಟು ಸವಣೂರಿಗೆ ಹೋದ್ರು, ಆಕಿ ತವರಮನಿ ಕಡೆ. ಕೂಸಿಂದು ಏನಾತೋ, ಸುದ್ದಿನ ಇಲ್ಲ."

ಮಾಹೀರಾಳ ಹೊಸ ನಂಬರು ಭರಮವ್ವನ ಬಳಿ ಇರಲಿಲ್ಲ. ದೊಡ್ಡಹುಣಸೆ ಮರಗಳ ಕಡೆಯ ಓಣಿ, ಮನೆಯಲ್ಲೇ ಖಾರದ ತಿಂಡಿ ಕರಿದು ಪೊಟ್ಟಣ ಕಟ್ಟಿ ಅಂಗಡಿಗಳಿಗೆ ಕೊಡುತ್ತಾರೆ, ಗಂಡ ಹಯಾತ ಲಾರಿ ಓಡಿಸುತ್ತಾನೆ; ಗೊತ್ತಿದ್ದದ್ದು ಇಷ್ಟೇ.

ಸವಣೂರಿನ ಬಸ್ಸಿನಲ್ಲಿ ಹರಳಿನ ನೆನಪು ಬರಲಿಲ್ಲ. ಎರಡು ವರ್ಷದ ಕೂಸಿನ ತೂಕ ಎಷ್ಟಿರಬಹುದು, ಸೀಸೆಯಲ್ಲಿದ್ದ ಪುಡಿ ಎಷ್ಟಿತ್ತು ಎಂದು ಮನಸ್ಸು ಭಾಗಿಸುತ್ತಲೇ ಇತ್ತು. ಬರುವ ಉತ್ತರ ಅವಳಿಗೆ ಬೇಡವಾಗಿತ್ತು, ಆದ್ದರಿಂದ ಮತ್ತೆ ಮೊದಲಿನಿಂದ ಭಾಗಿಸುತ್ತಿದ್ದಳು. ಮಾಡಿದ್ದು ನಾನು, ಕೊಟ್ಟದ್ದು ನಾನು, ಔಷಧಿ ಅಲ್ಲ ಎಂದು ಒಂದು ಮಾತು ಹೇಳದೆ ಅವ್ವನ ಮುಖ ನೋಡುತ್ತ ನಿಂತದ್ದೂ ನಾನೇ. ನಡುವೆ ಅಡಿವೆವ್ವನ ಫೋನು ಬಂತು. ತಂಗಿ ಹೇಗಿದ್ದಾಳೆಂದು ಕೇಳಿದಳು. ಅವಳು ತಿಂದೇ ಇಲ್ಲ ಎಂಬ ಸತ್ಯ ಗಡಿಬಿಡಿಯಲ್ಲಿ ನೀಲಾಂಬಿಕಾಳ ಬಾಯಿಂದ ಜಾರಿತು.

"ತಿಂದಿಲ್ಲ? ಎಷ್ಟು ಸೊಕ್ಕು ನೋಡು ಆಕಿಗೆ! ಆರಾಮಾತು ಅಂತ ನನ್ನ ಮುಂದ ಹೇಳಿದ್ಲಲ್ಲ!"

ಇನ್ನೊಂದು ದಿನವಾಗಿದ್ದರೆ ನೀಲಾಂಬಿಕಾ ನಗುತ್ತಿದ್ದಳು. ಈಗ ಫೋನು ಇಟ್ಟಳು.

ಸವಣೂರಿನಲ್ಲಿ ಇಳಿದಾಗ ಹೊತ್ತು ಮುಳುಗುವುದರಲ್ಲಿತ್ತು. ಖಾರದ ಅಂಗಡಿಯೊಂದರಲ್ಲಿ ಕೇಳಿದಳು, ಅವರು ಕೈ ಮಾಡಿ ತೋರಿಸಿದರು. ಓಣಿಯೊಳಗೆ ಕರಿದ ಎಣ್ಣೆಯ ವಾಸನೆ. ಆ ಮನೆಯ ಬಾಗಿಲು ಬಡಿಯಲು ಅವಳಿಗೆ ಕೈ ಏಳಲಿಲ್ಲ. ಬಾಗಿಲು ತೆಗೆದು ಹೆಣ್ಣುಮಗಳೊಬ್ಬಳು ಕಣ್ಣು ಒರೆಸಿಕೊಳ್ಳುತ್ತ, ಯಾವ ಕೂಸು, ಎಂದು ಕೇಳಿದರೆ? ತಿರುಗಿ ಓಡಿಬಿಡಲೇ ಎಂದೂ ಅನಿಸಿತು. ಅಷ್ಟರಲ್ಲಿ ಬಾಗಿಲು ತಾನೇ ತೆರೆಯಿತು. ನಾಲ್ಕು ವರ್ಷದ ಹುಡುಗಿಯೊಬ್ಬಳು ಬಾಯಿ ತುಂಬ ಖಾರ ತುಂಬಿಕೊಂಡು ನಿಂತು ಇವಳನ್ನೇ ದುರುಗುಟ್ಟಿ ನೋಡಿದಳು.

"ನಿನ್ನ ಹೆಸರೇನು ಪುಟ್ಟಿ?"

"ಇರಮ. ನಿಂದು?"

ನೀಲಾಂಬಿಕಾ ಹೊಸ್ತಿಲ ಮೇಲೆಯೇ ಕೂತು ಆ ಹುಡುಗಿಯ ಎರಡೂ ಕೈ ಹಿಡಿದು ಅತ್ತಳು. ಹುಡುಗಿ ಹೆದರದೆ ಒಂದು ಕೈ ಬಿಡಿಸಿಕೊಂಡು, ಅಂಗೈಯಲ್ಲಿದ್ದ ಖಾರವನ್ನು ಇವಳ ಮುಂದೆ ಹಿಡಿಯಿತು. ಆಗ ಕಂಡದ್ದು ಅದರ ತೋಳಿನಲ್ಲಿದ್ದ ತಾಯಿತ. ಕಪ್ಪು ದಾರದಲ್ಲಿ ಪೋಣಿಸಿದ, ಬೆರಳಿನ ಗೆಣ್ಣಿನಷ್ಟು ಉದ್ದದ ತಾಮ್ರದ ಕೊಳವೆ.

ಒಳಗಿನಿಂದ ಬಂದ ಮಾಹೀರಾ ಮೊದಲು ಗಾಬರಿಯಾದಳು, ಯಾರೆಂದು ತಿಳಿದ ಮೇಲೆ ಸೆರಗಿನಿಂದ ಕುರ್ಚಿ ಒರೆಸಿದಳು. "ಅಯ್ಯ, ಭರಮಕ್ಕನ ಅಕ್ಕನ ಮಗಳೇನ್ರಿ? ಔಷಧಿ ಮಾಡೋ ಮೇಡಮ್ಮಾರು? ಒಳಗ ಬರ್ರಿ, ಕುಂದ್ರಿ. ಯಾಕ್ರಿ ಅಳಾಕತ್ತೀರಿ?"

"ಆ ಪುಡಿ ಕೂಸಿಗೆ ತಿನ್ನಿಸಿದ್ರೇನ್ರಿ?"

"ಇಲ್ರಿ. ತಿನ್ನಿಸಾಕ ಅಂಜಿಕಿ ಆತು. ಒಗಿಯಾಕೂ ಅಂಜಿಕಿ ಆತು. ದರ್ಗಾದ ಹಜರತರ ಕಡೆ ಹೋಗಿ ತಾಯಿತದಾಗ ಹಾಕಿಸಿ, ಮ್ಯಾಣ ಮುಚ್ಚಿಸಿ ಕಟ್ಟೇನಿ. ಅವತ್ತಿಂದ ಒಂದು ಸಲಾನೂ ಫಿಟ್ಸ್ ಬಂದಿಲ್ರಿ."

ಸದ್ಯ, ಎಂದು ಎದೆ ಹಗುರಾಯಿತು. ಹಗುರಾದ ಆ ಜಾಗದಲ್ಲೇ ಹರಳು ಮತ್ತೆ ಬಂದು ಕೂತಿತು. ಮನಸ್ಸೆಂಬುದು ಎಷ್ಟು ನಾಚಿಕೆಗೆಟ್ಟದ್ದು ನೋಡಿ. ಮೇಣ ಹಚ್ಚಿದ ತಾಮ್ರದೊಳಗೆ ಅವು ಹಾಗೆಯೇ ಇರುತ್ತವೆ, ಎಲ್ಲಿಗೂ ಹೋಗಿರುವುದಿಲ್ಲ. ಅವಳ ಎಂಟು ವರ್ಷ ಈಗ ಖಾರ ತಿನ್ನುತ್ತಿದ್ದ ಒಂದು ಹುಡುಗಿಯ ತೋಳಿನಲ್ಲಿತ್ತು.

ಕೇಳಲೇಬೇಕಿತ್ತು, ಕೇಳಿದಳು. ಮಾಹೀರಾಳ ಮುಖದ ಬಣ್ಣ ಇಳಿಯಿತು. ಅವಳು ಮಗಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡು ತಾಯಿತದ ಮೇಲೆ ಕೈ ಮುಚ್ಚಿದಳು. "ಬಿಚ್ಚೂದೇನ್ರಿ? ಬಿಚ್ಚಿದ ಮ್ಯಾಲೆ ಮತ್ತ ಏನಾರ ಆದ್ರ? ನಿಮಗ ಯಾಕ ಬೇಕ್ರಿ ಅದು? ನೀವು ಮತ್ತೊಂದು ಮಾಡ್ಕೊಬಹುದಲ್ರಿ?"

ನೀಲಾಂಬಿಕಾ ಎದ್ದು ನಿಂತಳು. ನಿಂತರೇ ಅವಳಿಗೆ ಮಾತು ಬರುವುದು. ಆ ಸಣ್ಣ ಕೋಣೆಯಲ್ಲಿ ಎರಡು ಹೆಜ್ಜೆ ಅತ್ತ ಎರಡು ಹೆಜ್ಜೆ ಇತ್ತ ನಡೆಯುತ್ತ ಹೇಳಿದಳು. "ಮಾಡೇನ್ರಿ, ಸಾಕಷ್ಟು ಮಾಡೇನಿ. ಅದು ಕಟ್ಟವಲ್ದು. ಈಗ ಹಾಲು ಕಾಸಿ ಇಟ್ರಿ ಅನ್ರಿ. ಹೆಪ್ಪು ಹಾಕದ ಅದು ಮಸರು ಆಗ್ತೈತೇನ್ರಿ? ಕೆಡ್ತೈತಿ. ನನ್ನ ಹತ್ರ ಹಾಲೈತಿ, ಹೆಪ್ಪಿಲ್ಲ. ಇದ್ದ ಹೆಪ್ಪನ್ನೆಲ್ಲ ನಾನ ಖಾಲಿ ಮಾಡ್ಕೊಂಡೆ. ಜಗತ್ತಿನಾಗ ಇನ್ನೊಂದು ಕಡೆ ಇಲ್ಲ ಅದು, ಇಲ್ಲೊಂದ ಐತಿ."

ಮಾಹೀರಾ ತಾಯಿತದ ಮೇಲಿನ ಕೈ ತೆಗೆಯಲಿಲ್ಲ. "ಹೆಪ್ಪು ಕೇಳಾಕ ಬಂದೀರಿ ಅನ್ರಿ ಹಂಗಾದ್ರ."

"ಹೂನ್ರಿ."

"ಮಗ್ರಿಬ್ ಅಜಾನ್ ಆತು, ದೀಪ ಹಚ್ಚೇವಿ. ದೀಪ ಹಚ್ಚಿದ ಮ್ಯಾಲೆ ಮನ್ಯಾಗಿನ ಹೆಪ್ಪು ಹೊರಗ ಕೊಡೂದಿಲ್ರಿ. ನಿಮ್ಮ ಕಡೇನೂ ಕೊಡೂದಿಲ್ಲಲ್ರಿ?"

ಇಲ್ಲ, ಅವರ ಕಡೆಯೂ ಕೊಡುವುದಿಲ್ಲ. ಹೊತ್ತು ಮುಳುಗಿದ ಮೇಲೆ ಹೆಪ್ಪು ಕೇಳಲು ಬಂದವರನ್ನು ಅಡಿವೆವ್ವ ಎಷ್ಟೋ ಸಲ ಬರಿಗೈಯಲ್ಲಿ ಕಳಿಸಿದ್ದುಂಟು. ತಾನೇ ತಂದ ಮಾತಿಗೆ ತಾನೇ ಸಿಕ್ಕಿಬಿದ್ದು ನೀಲಾಂಬಿಕಾ ತಲೆಯಾಡಿಸಿದಳು.

"ಮುಂಜಾನೆ ನೋಡೂಣ್ರಿ. ಕೊಡ್ತೇನಿ ಅಂತ ಹೇಳ್ಲಿಲ್ಲ ಮತ್ತ, ನೋಡೂಣು ಅಂದೆ. ಇವತ್ತು ಇಲ್ಲೇ ಇರ್ರಿ."

ಹೀಗೆ ನಮ್ಮ ನೀಲಾಂಬಿಕಾ ಒಂದು ರಾತ್ರಿ ಪೂರ್ತಿ ಕಾಯಲು ಕೂತಳು. ರೊಟ್ಟಿ, ಬದನೆಕಾಯಿ ಪಲ್ಯ ಉಂಡಳು. ಖಾರದ ಪೊಟ್ಟಣ ಕಟ್ಟಲು ಕೈ ಹಚ್ಚಿದ್ದಕ್ಕೆ, "ನಿಮ್ಮ ಗಂಟು ನಿಲ್ಲವಲ್ದು, ಬಿಡ್ರಿ" ಎಂದು ಮಾಹೀರಾ ನಗುತ್ತ ಕಸಿದುಕೊಂಡಳು. ಚಾಪೆಯ ಮೇಲೆ ಅತ್ತ ಹೊರಳಿ ಇತ್ತ ಹೊರಳಿ, ಎದ್ದು ನೀರು ಕುಡಿದು, ಮತ್ತೆ ಹೊರಳಿ ಬೆಳಗು ಮಾಡಿದಳು.

ಬೆಳಕು ಹರಿಯುವ ಮೊದಲೇ ನಳಕ್ಕೆ ನೀರು ಬಂತೆಂದು ಓಣಿಯಲ್ಲಿ ಕೊಡಗಳ ಸದ್ದಾಯಿತು. ಮಾಹೀರಾ ಎದ್ದು ಹೋದಳು. ಕೋಣೆಯಲ್ಲಿ ಉಳಿದವರು ನೀಲಾಂಬಿಕಾ ಮತ್ತು ಇರಮ. ಹುಡುಗಿ ಕೈ ಚೆಲ್ಲಿ ಮಲಗಿತ್ತು, ದಾರ ಸಡಿಲಾಗಿ ತಾಯಿತ ಮೊಣಕೈ ತನಕ ಜಾರಿತ್ತು. ಬಿಚ್ಚುವುದೇ ಬೇಡ, ಮೆಲ್ಲನೆ ಎಳೆದರೆ ಬಂದುಬಿಡುತ್ತಿತ್ತು. ಬಸ್‌ಸ್ಟ್ಯಾಂಡು ದೂರವಿಲ್ಲ. ಮಗುವಿನ ಮೈಮೇಲೆ ಇಂಥದ್ದು ಇರಬಾರದು ಎಂಬ ಒಳ್ಳೆಯ ನೆಪವೂ ಕೈಯಲ್ಲೇ ಇತ್ತು. ಅವಳ ಕೈ ಮುಂದೆ ಹೋಯಿತು, ತಾಮ್ರದ ತಣ್ಣನೆಯ ತುದಿ ಬೆರಳಿಗೆ ತಾಗಿತು. ಕೂಸು ನಿದ್ದೆಯಲ್ಲೇ ಏನೋ ಜಗಿದು ನುಂಗಿತು. ನೀಲಾಂಬಿಕಾ ತಾಯಿತವನ್ನು ಮೊಣಕೈಯಿಂದ ಮೇಲಕ್ಕೆ ಸರಿಸಿ, ದಾರವನ್ನು ಬಿಗಿ ಮಾಡಿ, ಗೋಡೆಗೆ ಒರಗಿ ಕೂತಳು.

ಮಾಹೀರಾ ಕೊಡ ಇಳಿಸಿದಳು. ಒಂದು ನೋಟ ಮಗಳ ತೋಳಿನ ಕಡೆಗೆ, ಒಂದು ನೋಟ ಇವಳ ಕಡೆಗೆ.

"ದಾರ ನೀವು ಬಿಗಿ ಮಾಡಿದ್ರೇನ್ರಿ?"

"ಹೂನ್ರಿ." ನೀಲಾಂಬಿಕಾ ಈ ಸಲ ಏಳಲಿಲ್ಲ, ಕೂತೇ ಹೇಳಿದಳು. "ಮಾಹೀರಾ, ಒಂದು ಮಾತು ಹೇಳಬೇಕು. ಮೊದಲ ಹೇಳಬೇಕಿತ್ತು. ಇದು ಔಷಧಿ ಅಲ್ರಿ. ಯಾವ ರೋಗಕ್ಕೂ ಯಾರಿಗೂ ಕೊಟ್ಟು ನೋಡಿಲ್ಲ. ಒಳಗ ಹೋದ್ರ ಏನು ಮಾಡ್ತೈತಿ ನನಗ ಗೊತ್ತಿಲ್ಲ. ಇರಮ ಆರಾಮಾಗಿದ್ದು ಇದರಿಂದ ಅಲ್ಲ. ಜ್ವರದ ಫಿಟ್ಸ್ ವಯಸ್ಸಾದಂಗ ತಾನ ಹೋಗ್ತಾವು. ನೀವು ಕೊಡ್ರಿ ಬಿಡ್ರಿ, ಇದು ಕೂಸಿನ ಮೈಮ್ಯಾಲೆ ಇರೂದು ಬ್ಯಾಡ."

ಹೇಳಿ ಮುಗಿಸಿ ತಲೆ ತಗ್ಗಿಸಿದಳು. ಎರಡು ವರ್ಷದ ನಂಬಿಕೆಯನ್ನು ಒಂದು ಉಸಿರಿನಲ್ಲಿ ಕೆಡವಿದ್ದಾಯಿತು, ಇನ್ನು ಬೈಗುಳ ತಿನ್ನುವುದೊಂದೇ ಬಾಕಿ. ಆದರೆ ಮಾಹೀರಾ ಬೈಯಲಿಲ್ಲ. ಮಗಳ ಪಕ್ಕದಲ್ಲಿ ಕೂತು ದಾರದ ಗಂಟು ಬಿಚ್ಚತೊಡಗಿದಳು.

"ಗೊತ್ತೈತ್ರಿ. ಹಾವೇರಿ ಡಾಕ್ಟರೂ ಇದನ್ನ ಹೇಳಿದ್ರು, ದೊಡ್ಡಾಕಿ ಆದಂಗ ಹೋಗ್ತೈತಿ ಅಂತ. ಗುಳಿಗಿ ಕೊಟ್ಟಿದ್ರು, ತಪ್ಪದ ಕೊಟ್ಟೇನಿ. ಆದ್ರ ನನಗ ನಿದ್ದಿ ಹತ್ತತಿದ್ದಿಲ್ರಿ. ಕೂಸಿನ ಹಣಿ ಮುಟ್ಟಿ ನೋಡೂದು, ಮಲಗೂದು, ಮತ್ತ ಎದ್ದು ಮುಟ್ಟಿ ನೋಡೂದು. ಇವರು ಲಾರಿ ಮ್ಯಾಲ ಹೋದ್ರ ನಾ ಒಬ್ಬಾಕಿ. ತಲಿ ಕೆಟ್ಟು ಹೋಗ್ತಿತ್ತು. ಇದನ್ನ ಕಟ್ಟಿದ ರಾತ್ರಿ ನಾ ನಿದ್ದಿ ಮಾಡಿದೆ." ಗಂಟು ಬಿಚ್ಚಿತು. "ಇದು ಆಕಿಗೆ ಕಟ್ಟಿದ್ದಲ್ರಿ ಮೇಡಮ್ಮಾರ. ನನಗ ಕಟ್ಟಿದ್ದು."

ಅವಳು ತಾಯಿತವನ್ನು ದಾರದ ಸಮೇತ ನೀಲಾಂಬಿಕಾಳ ಅಂಗೈಯಲ್ಲಿಟ್ಟು ಬೆರಳು ಮಡಚಿದಳು.

"ನಿನ್ನೆ ರಾತ್ರಿ ನೀವು ಹೊಳ್ಳ್ಯಾಡೂದು ನೋಡಿದೆ. ಆವಾಗ ನಾ ಹಂಗ ಹೊಳ್ಳ್ಯಾಡ್ತಿದ್ದೆ. ಪೂರ್ತಿ ತಗೊಂಡು ಹೋಗ್ರಿ, ಈಗ ನಿಮಗ ಬೇಕಾಗೇತಿ."

ನೀಲಾಂಬಿಕಾ ಮಾಹೀರಾಳ ಒದ್ದೆ ಕೈಯನ್ನು ಹಿಡಿದುಕೊಂಡು ಕಾಲು ಕುಣಿಸದೆ ಕೂತಳು.

ಹಾನಗಲ್ಲಿಗೆ ಬಂದಾಗ ಮಧ್ಯಾಹ್ನ. ತರಗತಿ ಮುಗಿಸಿ ಪ್ರಯೋಗಾಲಯದ ಬಾಗಿಲು ಹಾಕಿಕೊಂಡಳು. ಬ್ಲೇಡಿನಿಂದ ತಾಯಿತದ ಮೇಣ ತೆಗೆದು, ಬಿಳಿ ಕಾಗದದ ಮೇಲೆ ತಟ್ಟಿದಳು. ಹಳದಿ ಸೂಜಿಗಳು ಬಿದ್ದವು, ಕೆಲವು ಮುರಿದಿದ್ದವು, ಆದರೆ ಅವೇ. ಈ ಸಲ ಬುದ್ಧಿ ಬಂದಿತ್ತು. ಒಂದೇ ಒಂದು ಕಣವನ್ನು ಚಿಮಟಿಗೆಯಿಂದ ಎತ್ತಿಕೊಂಡು, ಉಳಿದದ್ದನ್ನು ಸೀಸೆಗೆ ಹಾಕಿ ಬೀಗದಲ್ಲಿಟ್ಟಳು. ಆ ಕಣವನ್ನು ತಣ್ಣಗಿದ್ದ ಫ್ಲಾಸ್ಕಿನೊಳಗೆ, ಅಂಟು ಕರಗಿಸಿಟ್ಟ ಆಲ್ಕೋಹಾಲಿನಲ್ಲಿ ಬಿಟ್ಟಳು. ಅದು ನಿಧಾನವಾಗಿ ತಳಕ್ಕೆ ಇಳಿಯಿತು.

ಏನೂ ಆಗಲಿಲ್ಲ. ಅವಳ ಕೈ ಅಭ್ಯಾಸಬಲದಿಂದ ಗಾಜಿನ ಕಡ್ಡಿಗೆ ಹೋಯಿತು. ಕೆರೆಯಬೇಕು, ಅಲುಗಿಸಬೇಕು, ಬೆಳಕಿಗೆ ಎತ್ತಿ ಹಿಡಿಯಬೇಕು. ಹೆಪ್ಪು ಹಾಕಿದ ಪಾತ್ರೆಯನ್ನು ಗಳಿಗೆಗೊಮ್ಮೆ ತೆರೆದು ನೋಡಿದರೆ ಅವ್ವ ಕೈ ಮೇಲೆ ಹೊಡೆಯುತ್ತಿದ್ದದ್ದು ನೆನಪಾಯಿತು. ಕಡ್ಡಿಯನ್ನು ದೂರ ಇಟ್ಟು, ಸ್ಟೂಲಿನ ಮೇಲೆ ಕೂತು, ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡಳು.

ಕಣದ ಒಂದು ತುದಿಯಲ್ಲಿ ಮೊದಲು ಕೂದಲೆಳೆಯಷ್ಟು ಗೆರೆ ಕಂಡಿತು. ಕಣ್ಣಿನ ಭ್ರಮೆ ಎಂದುಕೊಂಡಳು. ಆಮೇಲೆ ಇನ್ನೊಂದು ಕಂಡಿತು. ಅವುಗಳ ಮೈಯಿಂದ ಮತ್ತಷ್ಟು ಹೊರಟವು. ನೋಡುತ್ತಿದ್ದಂತೆ ಫ್ಲಾಸ್ಕಿನ ತಳವೆಲ್ಲ ಹಳದಿ ಸೂಜಿಗಳಿಂದ ತುಂಬಿತು. ಉಂಗುರ ಎಡಕ್ಕಿದೆಯೋ ಬಲಕ್ಕಿದೆಯೋ ಎಂಬುದನ್ನು ಧಾರವಾಡದ ಯಂತ್ರ ಹೇಳಬೇಕು. ಅವಳು ಬರೆದದ್ದಕ್ಕೆ ಉಲ್ಟಾ ಬಂದರೂ ಬರಬಹುದು. ಬರಲಿ, ಆಗ ಅದನ್ನೇ ಬರೆದರಾಯಿತು.

ಮಾಹೀರಾಳಿಂದ ಬರೆಸಿಕೊಂಡು ಬಂದಿದ್ದ ನಂಬರಿಗೆ ಫೋನು ಹಚ್ಚಿದಳು. ಆ ಕಡೆ ಎಣ್ಣೆ ಬಾಣಲೆಯ ಸದ್ದು, ಇರಮ ಏನಕ್ಕೋ ಹಟ ಮಾಡುವ ಸದ್ದು.

"ಮಾಹೀರಾ, ಕಟ್ಟಿತ್ರಿ."

"ಹೆಪ್ಪಾತೇನ್ರಿ?"

"ಆತ್ರಿ. ಇರಮ ಹೆಂಗದಾಳ?"

"ಆರಾಮದಾಳ್ರಿ. ಹಣಿ ಮುಟ್ಟಿ ನೋಡಿದೆ." ಮಾಹೀರಾ ಸ್ವಲ್ಪ ತಡೆದಳು. "ಒಂದ ಸಲ ನೋಡಿದೆ, ಅಷ್ಟ. ನೀವೂ ಇನ್ನ ಮನಿಗೆ ಹೋಗಿ ನಿದ್ದಿ ಮಾಡ್ರಿ."

ನೀಲಾಂಬಿಕಾ ಫ್ಲಾಸ್ಕನ್ನು ಮುಟ್ಟದೆ ಎದ್ದು, ದೀಪ ಆರಿಸಿ, ಬಾಗಿಲಿಗೆ ಬೀಗ ಹಾಕಿದಳು. ಖಾಲಿ ತಾಯಿತವನ್ನು ಮಾತ್ರ ಮುಷ್ಟಿಯಲ್ಲಿ ಹಿಡಿದು ತಂದಿದ್ದಳು.